ಎಂಎಕ್ಸ್-5 ತಗೊಳ್ಳಲಾ, ರೋಟರಿ ಆರ್‌ಎಕ್ಸ್-8 ತಗೊಳ್ಳಲಾ?

ಭಾನುವಾರದ ಡ್ರೈವರ್:
ಹತ್ತು ವರ್ಷ ಮನೆಮಂದಿಗೆಲ್ಲ ಆಗುವ ಕಾರು ಓಡಿಸಿದ್ದಾಯಿತು. ಈಗ ನನಗೇ ಅಂತ ಒಂದು ಬೇಕು. ಸೆಕೆಂಡ್ ಹ್ಯಾಂಡ್‌ನಲ್ಲಿ ಎರಡು ನೋಡಿದ್ದೇನೆ, ಎರಡೂ ಮಜ್ದಾ. ಒಂದು 2001ರ ಎಂಎಕ್ಸ್-5, ಬಟ್ಟೆ ಟಾಪ್‌ನ ಎರಡು ಸೀಟಿನ ಕಾರು. ಕಂಪನಿಯಿಂದ ಬಂದ ಹಾಗೇ ಇದೆ, ಆದರೆ ಹಿಂದಿನ ಚಕ್ರದ ಮುಂದೆ ಪೇಂಟ್ ಸ್ವಲ್ಪ ಉಬ್ಬಿದೆ. ಇನ್ನೊಂದು 2005ರ ಆರ್‌ಎಕ್ಸ್-8. ಫಳಫಳ ಹೊಳೆಯುತ್ತಿದೆ, ಕಡಿಮೆ ಓಡಿದೆ, ಹೆಚ್ಚುಕಮ್ಮಿ ಅದೇ ದುಡ್ಡು. ಮನಸ್ಸು ಆರ್‌ಎಕ್ಸ್-8 ಕಡೆಗೇ ಎಳೆಯುತ್ತಿದೆ. ಬೈಯುವವರು ಈಗಲೇ ಬೈದುಬಿಡಿ.

ಗ್ರೀಸ್ ಕೈ:
ಬೈಯಲ್ಲ. ಒಂದೇ ಪ್ರಶ್ನೆ. ಆರ್‌ಎಕ್ಸ್-8ಗೆ ಕಂಪ್ರೆಷನ್ ಟೆಸ್ಟ್, ಅಂದರೆ ಎಂಜಿನ್ ಒಳಗೆ ಒತ್ತಡ ಎಷ್ಟು ಬರುತ್ತದೆ ಅಂತ ಅಳೆಯುವುದು, ಮಾಡಿಸಿದ್ದೀರಾ? ಅದರಲ್ಲಿ ಪಿಸ್ಟನ್ ಇಲ್ಲ, ಮೂರು ಮೂಲೆಯ ಎರಡು ರೋಟರ್ ತಿರುಗುತ್ತವೆ. ಆ ಮೂಲೆಗಳಲ್ಲಿ ಒತ್ತಡ ಸೋರದಂತೆ ತಡೆಯುವ ಅಪೆಕ್ಸ್ ಸೀಲ್ ಸವೆದರೆ ಎಂಜಿನ್ ಬಿಚ್ಚದೆ ಬೇರೆ ದಾರಿ ಇಲ್ಲ. ಮಾಮೂಲಿ ಗೇಜ್ ಹಾಕಿ ನೋಡಿದರೆ ಮೂರು ಮುಖದಲ್ಲಿ ಚೆನ್ನಾಗಿರುವ ಒಂದರ ಲೆಕ್ಕ ಮಾತ್ರ ಸಿಗುತ್ತದೆ, ಕೆಟ್ಟದ್ದು ಅಡಗಿಕೊಳ್ಳುತ್ತದೆ. ಮೂರನ್ನೂ ಬೇರೆಬೇರೆ ತೋರಿಸುವ ರೋಟರಿ ಟೆಸ್ಟರ್ ಇರುವವರ ಹತ್ತಿರವೇ ಹೋಗಬೇಕು.

ರೋಟರಿ ರೋಗಿ:
ಶುರುವಾಯ್ತು ನೋಡಿ. ಗುರು, ನಾನು ಆರು ವರ್ಷದಿಂದ ಅದೇ ಕಾರು ಇಟ್ಟುಕೊಂಡಿದ್ದೇನೆ. ಅದಕ್ಕೆ ವಾಲ್ವ್ ಇಲ್ಲ, ಟೈಮಿಂಗ್ ಬೆಲ್ಟ್ ಇಲ್ಲ. ಬರೀ 1.3 ಲೀಟರ್. ಆರು ಗೇರಿನದ್ದಾದರೆ ಆರ್‌ಪಿಎಂ ಮುಳ್ಳು (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ಅನ್ನುವುದು) 9000 ಹತ್ತಿರ ಹೋದರೂ ಸ್ಟೀರಿಂಗ್‌ನಲ್ಲಿ ನಡುಕ ಅನ್ನುವುದೇ ಇರಲ್ಲ. ಎಷ್ಟು ನಯ ಅಂದರೆ ಗೇರ್ ಹಾಕುವುದನ್ನು ನಾವು ಮರೀತೀವಿ ಅಂತ ಕಾರೇ ‘ಬೀಪ್’ ಅನ್ನುತ್ತದೆ. ನಾಲ್ಕು ಜನ ಕೂರಬಹುದು, ಹಿಂದಿನ ಬಾಗಿಲು ಬೀರುವಿನ ಹಾಗೆ ಎದುರು ದಿಕ್ಕಿಗೆ ತೆರೆದುಕೊಳ್ಳುತ್ತದೆ. ಇಂಥದ್ದನ್ನು ಬೇರೆ ಯಾರು ಮಾಡಿದರು ಹೇಳಿ?

ಗ್ರೀಸ್ ಕೈ:
ಆಯಿಲ್ ವಿಷಯ ಬಿಟ್ಟುಬಿಟ್ಟಿರಲ್ಲ ಸಾರ್.

ರೋಟರಿ ರೋಗಿ:
ಬಿಟ್ಟಿಲ್ಲ, ಬರ್ತಿದ್ದೆ. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರೆ, ಇದರ ಹುಟ್ಟುಗುಣವೇ ಸುಡುವುದು. ಸೀಲ್ ಒಣಗಬಾರದು ಅಂತ ಎಂಜಿನ್ನೇ ಸ್ವಲ್ಪ ಸ್ವಲ್ಪ ಆಯಿಲ್ ಒಳಗೆ ಬಿಡುತ್ತದೆ. ಪೆಟ್ರೋಲ್ ಹಾಕಿಸಿದಾಗೆಲ್ಲ ಬಾನೆಟ್ ಎತ್ತಿ ಕಡ್ಡಿ ನೋಡಬೇಕು. ಇನ್ನೊಂದು, ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಹತ್ತಡಿ ಪಕ್ಕಕ್ಕಿಟ್ಟು ಆಫ್ ಮಾಡಬೇಡಿ. ಪ್ಲಗ್ ಪೆಟ್ರೋಲ್‌ನಲ್ಲಿ ನೆನೆದು ಮತ್ತೆ ಹತ್ತುವುದೇ ಇಲ್ಲ. ಮನೆಯವರು ಒಮ್ಮೆ ಹಾಗೆ ಮಾಡಿ, ಆವತ್ತು ನಾನು ಬಸ್ಸಲ್ಲಿ ಹೋದೆ.

ಎರಡೇ ಸೀಟು:
ಇದನ್ನು ಹೊಗಳಿಕೆ ಅಂತ ಬರೆದಿದ್ದೀರಾ? 😄 ಎಂಎಕ್ಸ್-5 ತಗೊಳ್ಳಿ ಸಾರ್. ತೂಕ ಒಂದು ಟನ್ನಿನ ಆಸುಪಾಸು, ಹಿಂದಿನ ಚಕ್ರಕ್ಕೆ ಪವರ್. 1989ರಿಂದ ಮಾಡುತ್ತಿದ್ದಾರೆ, 2016ಕ್ಕೆ ಹತ್ತು ಲಕ್ಷ ಆಯಿತು, ಹಾಗಾಗಿ ಪಾರ್ಟ್ಸ್‌ಗೆ ಪರದಾಟ ಕಡಿಮೆ. ಪವರ್ ಜಾಸ್ತಿ ಇಲ್ಲ ನಿಜ. ಆದರೆ ಎರಡನೇ ಗೇರಿನಲ್ಲಿ ಪೂರ್ತಿ ಒತ್ತಿ ತಿರುವು ದಾಟಿ, ಮೀಟರ್ ನೋಡಿದರೆ ಯಾರೂ ದಂಡ ಹಾಕುವ ಸ್ಪೀಡ್ ಇರಲ್ಲ. ಆ ನಗು ಬೇರೆ.

ಟರ್ಬೊ ತಮ್ಮ:
ಅದು ಸಲೂನ್‌ಗೆ ಹೋಗುವವರ ಕಾರು ಅಂತ ನಮ್ಮ ಗ್ಯಾಂಗ್‌ನಲ್ಲಿ ತಮಾಷೆ. ಸುಪ್ರಾ, ಸ್ಕೈಲೈನ್ ಥರದ ಸ್ಪೀಡ್ ಕಾರು ಯಾರೂ ಹೇಳ್ತಾನೇ ಇಲ್ವಲ್ಲ?

ಎರಡೇ ಸೀಟು:
ಅವರು ಕೇಳಿದ್ದು ಓಡಿಸೋದಕ್ಕೆ ತಮ್ಮಾ, ಗೋಡೆಗೆ ಪೋಸ್ಟರ್ ಹಚ್ಚೋದಕ್ಕಲ್ಲ. ಆ ಕಾರುಗಳ ರೇಟು ಈಗ ಎಲ್ಲಿಗೆ ಹೋಗಿದೆ ಅಂತ ನಿಮಗೂ ಗೊತ್ತು. ತಂದವರು ಕವರ್ ಹಾಕಿ ಇಟ್ಟುಬಿಡ್ತಾರೆ. ಸ್ಪೀಡ್ ಬಗ್ಗೆ ಇನ್ನೊಂದು ಮಾತು. 2012ರಲ್ಲಿ ಟೊಯೋಟಾ 86 ಅನ್ನುವ ಸ್ಪೋರ್ಟ್ಸ್ ಕಾರು ಬಂದಾಗ ಅದಕ್ಕೆ ಹಾಕಿದ್ದು ಪೆಟ್ರೋಲ್ ಉಳಿಸುವ ಪ್ರಿಯಸ್‌ನಲ್ಲೂ ಬರುವಂಥ ಕಡಿಮೆ ಅಗಲದ ಟೈರ್. ಕಡಿಮೆ ಸ್ಪೀಡಿನಲ್ಲೇ ಕಾರು ಸ್ವಲ್ಪ ಜಾರಲಿ, ಮಜಾ ಸಿಗಲಿ ಅಂತ ಬೇಕೆಂದೇ ಮಾಡಿದ್ದು.

ಗ್ರೀಸ್ ಕೈ:
ಎಂಎಕ್ಸ್-5 ಕೂಡ ಸಾಧು ಅಲ್ಲ. ಪೇಂಟ್ ಉಬ್ಬಿದೆ ಅಂದಿರಲ್ಲ, ಅದನ್ನು ಸುಮ್ನೆ ಬಿಡಬೇಡಿ. ಬಟ್ಟೆ ಟಾಪ್ ಮೇಲೆ ಬಿದ್ದ ಮಳೆ ನೀರು ಸೀಟಿನ ಹಿಂದೆ ಎರಡು ಮೂಲೆಯ ತೂತಿನಿಂದ ಕೆಳಗೆ ಹೋಗಬೇಕು. ತರಗೆಲೆ, ಮಣ್ಣು ಸೇರಿ ಅದು ಕಟ್ಟಿಕೊಂಡರೆ ನೀರು ಬಾಗಿಲ ಕೆಳಗಿನ ಸಿಲ್‌ಗೆ ಇಳಿದು ಒಳಗಿನಿಂದಲೇ ತುಕ್ಕು ಹಿಡಿಸುತ್ತದೆ. ಹೊರಗೆ ಗುಳ್ಳೆ ಕಾಣುವಷ್ಟರಲ್ಲಿ ಒಳಗೆ ಬಿಸ್ಕತ್ತು ಆಗಿರುತ್ತದೆ. ಸೀಟಿನ ಹಿಂದೆ ಕಾರ್ಪೆಟ್ ಕೆಳಗೆ ಕೈ ಹಾಕಿ ಒತ್ತಿ, ಒದ್ದೆಯೋ ಒಣಗಿದೆಯೋ ನೋಡಿ. ಟೈಮಿಂಗ್ ಬೆಲ್ಟ್ ಬದಲಿಸಿದ ಬಿಲ್ ಕೇಳಿ. ಇನ್ನು ಆರ್‌ಎಕ್ಸ್-8. ಹಳೇ ಕಾರು ನೋಡೋಕೆ ಹೋದಾಗ ಎಂಜಿನ್ ತಣ್ಣಗಿರಬೇಕು ಅಂತ ಎಲ್ಲರೂ ಹೇಳ್ತಾರೆ. ಸರಿ. ಆದರೆ ರೋಟರಿಗೆ ಅಷ್ಟೇ ಸಾಲದು. ಅರ್ಧ ಗಂಟೆ ಓಡಿಸಿ, ಪೂರ್ತಿ ಬಿಸಿಯಾದ ಮೇಲೆ ಆಫ್ ಮಾಡಿ, ಐದು ನಿಮಿಷ ಮಾತಾಡುತ್ತಾ ನಿಂತು, ಮತ್ತೆ ಕೀ ತಿರುಗಿಸಿ. ಕಂಪ್ರೆಷನ್ ಕಡಿಮೆ ಇರುವುದು ಆಗ ಹತ್ತಲ್ಲ.

ರೋಟರಿ ರೋಗಿ:
ಇದನ್ನು ಒಪ್ಪುತ್ತೇನೆ. ಬರೆದಿಟ್ಟುಕೊಳ್ಳಿ.

ಭಾನುವಾರದ ಡ್ರೈವರ್:
ಎರಡನ್ನೂ ನೋಡಿ ಬಂದೆ. ಆರ್‌ಎಕ್ಸ್-8 ತಣ್ಣಗಿದ್ದಾಗ ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಓಡಿಸಿದೆ. ಆ ‘ಬೀಪ್’ ಕೇಳಿಸಿಕೊಂಡೆ. ನಿಜ ಹೇಳ್ತೀನಿ, ಅಲ್ಲೇ ದುಡ್ಡು ಕೊಟ್ಟುಬಿಡೋಣ ಅನ್ನಿಸಿತು. ವಾಪಸ್ ಬಂದು ಆಫ್ ಮಾಡಿ, ಮಳೆ-ಬಿಸಿಲಿನ ಮಾತಾಡಿ, ಮತ್ತೆ ಕೀ ತಿರುಗಿಸಿದೆ. ತಿರುಗ್ತಾ ಇದೆ, ತಿರುಗ್ತಾ ಇದೆ, ಹತ್ತುತ್ತಿಲ್ಲ. ‘ಬ್ಯಾಟರಿ ವೀಕು’ ಅಂದರು. ಅಷ್ಟು ಹೊತ್ತು ಸ್ಟಾರ್ಟರ್ ತಿರುಗಿಸಿದ ಬ್ಯಾಟರಿ ವೀಕು ಹೇಗಾಗುತ್ತದೆ?

ಎಂಎಕ್ಸ್-5ರಲ್ಲಿ ಬಲಗಡೆ ಕಾರ್ಪೆಟ್ ಒಣಗಿತ್ತು. ಎಡಗಡೆ ಒತ್ತಿದರೆ ಬೆರಳ ಸಂದಿಯಲ್ಲಿ ನೀರು ಬಂತು. ಸಿಲ್ ಮೇಲೆ ಹೆಬ್ಬೆರಳಿಟ್ಟು ಒತ್ತಿದೆ, ಒಳಗೆ ಹೋಯಿತು. ಮಾರುವವರ ಮುಖ ಸಣ್ಣದಾಯಿತು. ವೆಲ್ಡಿಂಗ್ ಮಾಡುವವರಿಗೆ ತೋರಿಸಿದೆ. ಒಂದೇ ಕಡೆ ಕತ್ತರಿಸಿ ಹೊಸ ತಗಡು ಹಾಕಿದರೆ ಸಾಕು ಅಂದರು. ಆ ಖರ್ಚು ರೇಟಿನಲ್ಲಿ ಕಳೆಸಿ ತಗೊಂಡೆ.

ಟರ್ಬೊ ತಮ್ಮ:
ತೂತಾದ ಕಾರು ತಗೊಂಡ್ರಾ?!

ಗ್ರೀಸ್ ಕೈ:
ಕಾಣುವ ತೂತು. ಅದಕ್ಕೆ ತಗಡು ಸಿಗುತ್ತದೆ.

ರೋಟರಿ ರೋಗಿ:
ಅಭಿನಂದನೆ ಸಾರ್. ಆ ಆರ್‌ಎಕ್ಸ್-8 ಮಾರುವವರ ನಂಬರ್ ನನಗೆ ಮೆಸೇಜ್ ಮಾಡಿ. ಎಂಜಿನ್ ಬಿಚ್ಚೋದಕ್ಕೆ ನನಗೊಂದು ಬೇಕಿತ್ತು.