ಮನೆಯಲ್ಲೇ ಪಾಠ ಶುರು ಮಾಡಬೇಕು, ಸಹಾಯ ಬೇಕು

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ನಾವು ಧಾರವಾಡದವರು. ಮಗಳಿಗೆ 7, ಮಗನಿಗೆ 5. ಜೂನ್‌ನಿಂದ ಇಬ್ಬರಿಗೂ ಮನೆಯಲ್ಲೇ ಕಲಿಸೋಣ ಅಂತ ಪ್ರಾರ್ಥನೆ ಮಾಡಿ ನಿರ್ಧರಿಸಿದ್ದೇವೆ. ಬೆಳಿಗ್ಗೆ ಪ್ರಾರ್ಥನೆ, ಬೈಬಲ್ ಓದು, ಆಮೇಲೆ ಕನ್ನಡ, ಲೆಕ್ಕ. ಇಷ್ಟು ಮನಸ್ಸಿನಲ್ಲಿದೆ. 14 ತುಂಬಿದ ಮೇಲೆ ಎನ್‌ಐಒಎಸ್‌ನಲ್ಲಿ (ಕೇಂದ್ರ ಸರ್ಕಾರದ ಮುಕ್ತ ಶಾಲಾ ಮಂಡಳಿ) ಹತ್ತನೇ ತರಗತಿ ಪರೀಕ್ಷೆ ಕಟ್ಟಬಹುದು, ಅದು ಗೊತ್ತು. ಅಲ್ಲಿಯವರೆಗಿನ ವರ್ಷಗಳದ್ದೇ ಚಿಂತೆ. ಇಂಗ್ಲಿಷ್‌ನಲ್ಲಿ ನಾವು ನೋಡಿದ ಕ್ರೈಸ್ತ ಪಠ್ಯಗಳು ಅಮೆರಿಕದ ಮಕ್ಕಳಿಗೆ ಬರೆದವು, ದುಡ್ಡಿನ ಲೆಕ್ಕವೂ ಡಾಲರ್‌ನಲ್ಲೇ ಇದೆ. ಕನ್ನಡಕ್ಕೆ ಸರ್ಕಾರದ ನಲಿ-ಕಲಿ ಪುಸ್ತಕ ಸಾಕಾಗುತ್ತದೆಯೇ? ಚಿಕ್ಕವನು ಹತ್ತು ನಿಮಿಷಕ್ಕಿಂತ ಜಾಸ್ತಿ ಕೂರುವುದಿಲ್ಲ, ಇಬ್ಬರನ್ನೂ ಒಟ್ಟಿಗೆ ಹೇಗೆ ಕೂರಿಸುತ್ತೀರಿ? ಹುಬ್ಬಳ್ಳಿ-ಧಾರವಾಡದಲ್ಲಿ ಹೀಗೆ ಕಲಿಸುವ ಕುಟುಂಬ ಇದ್ದರೆ ದಯವಿಟ್ಟು ತಿಳಿಸಿ. ಒಂದು ದಿನ ಬಂದು ನಿಮ್ಮ ಜೊತೆ ಕೂತು ನೋಡುತ್ತೇವೆ.