ಅಮೀಬಾ ಎರಡಾದ ಮೇಲೆ ತಾಯಿಕೋಶ ಏನಾಗುತ್ತದೆ?

ಪ್ರಶ್ನೆ
ನಮಸ್ಕಾರ. ನಾನು ಹತ್ತನೇ ತರಗತಿಗೆ ವಿಜ್ಞಾನ ಬೋಧಿಸುತ್ತೇನೆ. ದ್ವಿವಿದಳನದಲ್ಲಿ ಅಮೀಬಾದ ಕೋಶಕೇಂದ್ರ ಮೊದಲು ಎರಡಾಗಿ, ಬಳಿಕ ಕೋಶದ್ರವ್ಯವೂ ಹಂಚಿಹೋಗಿ ಎರಡು ಮರಿಕೋಶಗಳು ಉಂಟಾಗುತ್ತವೆ ಎಂದು ವಿವರಿಸಿದಾಗ ವಿದ್ಯಾರ್ಥಿನಿಯೊಬ್ಬಳು, "ಹಾಗಾದರೆ ತಾಯಿ ಸತ್ತಿತೋ, ಬದುಕಿದೆಯೋ?" ಎಂದು ಕೇಳಿದಳು. ಏಕಕೋಶ ಜೀವಿಗಳಿಗೆ ಮುಪ್ಪಿಲ್ಲವೆಂಬ ಮಾತು ಎಲ್ಲಕ್ಕೂ ಅನ್ವಯಿಸುತ್ತದೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1
ಮೇಡಂ, ಅಮೀಬಾದ ಮಟ್ಟಿಗೆ ತಾಯಿಯ ದೇಹವೆಲ್ಲ ಮರಿಗಳಿಗೇ ಸಂದುಹೋಗುವುದರಿಂದ ಸತ್ತದ್ದೆಂದು ತೋರಿಸಲು ಏನೂ ಉಳಿಯುವುದಿಲ್ಲ. ಆದರೆ ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಯೀಸ್ಟ್‌ಗೆ ಈ ಮಾತು ಸಲ್ಲದು. ಅದು ಮೊಗ್ಗುವಿಕೆಯಿಂದ ವೃದ್ಧಿಸುತ್ತದೆ. ಮೊಗ್ಗು ಬೆಳೆದು ಕಳಚಿಕೊಂಡ ಜಾಗದಲ್ಲಿ ತಾಯಿಕೋಶದ ಭಿತ್ತಿಯ ಮೇಲೆ ಕೈಟಿನ್‌ನಿಂದಾದ ಉಂಗುರದಂಥ ಕಲೆ ಶಾಶ್ವತವಾಗಿ ಉಳಿಯುವುದರಿಂದ, ಆ ಕಲೆಗಳನ್ನು ಎಣಿಸಿ ಅದು ಎಷ್ಟು ಬಾರಿ ಹೆತ್ತಿದೆಯೆಂದು ಹೇಳಬಹುದು. ಮಾರ್ಟಿಮರ್ ಮತ್ತು ಜಾನ್‌ಸ್ಟನ್ 1959ರಲ್ಲಿ ಪ್ರತಿಯೊಂದು ಮೊಗ್ಗನ್ನೂ ಸೂಕ್ಷ್ಮದರ್ಶಕದಡಿ ಬೇರ್ಪಡಿಸುತ್ತ ಹೋಗಿ, ಒಂದು ತಾಯಿಕೋಶ ಸರಾಸರಿ ಇಪ್ಪತ್ತೈದರ ಆಸುಪಾಸು ಮರಿಗಳನ್ನು ಕೊಟ್ಟು ನಿಂತುಬಿಡುತ್ತದೆಂದು ತೋರಿಸಿದರು. ನನಗೆ ಇದರಲ್ಲಿ ಅತ್ಯಂತ ಸೋಜಿಗವೆನಿಸುವುದು ಮರಿಯ ಸ್ಥಿತಿ: ಕೆಟ್ಟ ಪ್ರೋಟೀನುಗಳ ಬಹುಪಾಲನ್ನು ತಾಯಿಯೇ ಉಳಿಸಿಕೊಳ್ಳುವುದರಿಂದ, ಮುದಿ ತಾಯಿಗೆ ಹುಟ್ಟಿದ ಮರಿಯೂ ಸಾಮಾನ್ಯವಾಗಿ ಪೂರ್ಣ ಆಯುಸ್ಸಿನೊಂದಿಗೆ ಬಾಳನ್ನು ಆರಂಭಿಸುತ್ತದೆ.

ಉತ್ತರ 2
ಮೇಲಿನ ವಿವರಣೆಗೆ ಬ್ಯಾಕ್ಟೀರಿಯಾದ ವಿಷಯವನ್ನು ಸೇರಿಸುತ್ತೇನೆ. ಅನುಕೂಲ ಪರಿಸ್ಥಿತಿಯಲ್ಲಿ ಸುಮಾರು 20 ನಿಮಿಷಕ್ಕೊಮ್ಮೆ ಇಬ್ಭಾಗವಾಗುವ ಇ. ಕೋಲಿಯ ಎರಡು ಮರಿಗಳು ನೋಡಲು ಒಂದೇ ರೀತಿ ಇದ್ದರೂ, ಪ್ರತಿಯೊಂದರಲ್ಲೂ ಒಂದು ತುದಿ ಈಗಷ್ಟೇ ಉಂಟಾದದ್ದು, ಇನ್ನೊಂದು ಹಿಂದಿನ ತಲೆಮಾರಿನಿಂದ ಬಂದದ್ದು. ಹಳೆಯ ತುದಿಯನ್ನೇ ಮತ್ತೆ ಮತ್ತೆ ಪಡೆಯುವ ಕೋಶಗಳ ಬೆಳವಣಿಗೆ ನಿಧಾನವಾಗುತ್ತದೆಂದು 2005ರಲ್ಲಿ ಎರಿಕ್ ಸ್ಟೀವರ್ಟ್ ಮತ್ತು ಸಂಗಡಿಗರು ವರದಿ ಮಾಡಿದರು. ಆದರೆ 2010ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ, ಹೊಸ ಆಹಾರ ಸದಾ ಹರಿಯುತ್ತಿದ್ದ ಸಣ್ಣ ಕಾಲುವೆಗಳಲ್ಲಿದ್ದ ಇಂಥ ಕೋಶಗಳು ನೂರಾರು ತಲೆಮಾರುಗಳವರೆಗೆ ಒಂದೇ ವೇಗದಲ್ಲಿ ಬೆಳೆದವು. ಆದ್ದರಿಂದ ಬ್ಯಾಕ್ಟೀರಿಯಾಕ್ಕೆ ಮುಪ್ಪಿದೆ ಅಥವಾ ಇಲ್ಲವೆಂದು ತರಗತಿಯಲ್ಲಿ ಖಚಿತವಾಗಿ ಹೇಳದಿರುವುದೇ ಲೇಸು.

ಪ್ರಶ್ನೆ ಕೇಳಿದವರಿಂದ
ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಈ ಕಲೆಗಳನ್ನು ಶಾಲೆಯ ಸೂಕ್ಷ್ಮದರ್ಶಕದಲ್ಲಿ ತೋರಿಸಬಹುದೇ?

ಉತ್ತರ 1 ಬರೆದವರಿಂದ
ಕಲೆಗಳನ್ನು ಸ್ಪಷ್ಟವಾಗಿ ಕಾಣಲು ಹೊಳೆಯುವ ವಿಶೇಷ ಬಣ್ಣವೂ ಅದಕ್ಕೆ ತಕ್ಕ ಸೂಕ್ಷ್ಮದರ್ಶಕವೂ ಬೇಕು. ಮೊಗ್ಗನ್ನು ಮಾತ್ರ ಖಂಡಿತ ತೋರಿಸಬಹುದು. 100 ಮಿ.ಲೀ. ನೀರಿಗೆ 10 ಗ್ರಾಂ ಸಕ್ಕರೆ ಬೆರೆಸಿ, ಚಿಟಿಕೆ ಯೀಸ್ಟ್ ಹಾಕಿ, ಬಾಯಿಗೆ ಹತ್ತಿಯಿಟ್ಟು ಒಂದೆರಡು ಗಂಟೆ ಬೆಚ್ಚಗಿಡಿ. ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ನೋಡಿದರೆ ದೊಡ್ಡ ಕೋಶಕ್ಕೆ ಅಂಟಿಕೊಂಡ ಚಿಕ್ಕ ಕೋಶ ಕಾಣುತ್ತದೆ. ಇಲ್ಲಿ ತಾಯಿ ಯಾವುದೆಂದು ಆ ವಿದ್ಯಾರ್ಥಿನಿಯೇ ಗುರುತಿಸಬಲ್ಲಳು.