ಮಗಳನ್ನು ನವೋದಯಕ್ಕೆ ಕಳಿಸಲೇ?: ಓದುಗರ ಸ್ಪಂದನ

ಸಮಸ್ಯೆ: ಮಗಳು ನಮ್ಮ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿ ಮುಗಿಸುತ್ತಿದ್ದಾಳೆ. ಲೆಕ್ಕದಲ್ಲಿ ಬಲು ಚುರುಕು, ಆರನೇ ತರಗತಿಯಿಂದ ಶುರುವಾಗುವ ಕೇಂದ್ರ ಸರ್ಕಾರದ ವಸತಿ ಶಾಲೆ ನವೋದಯದ ಪ್ರವೇಶ ಪರೀಕ್ಷೆ ಬರೆಸಿ ಎಂದು ಮೇಷ್ಟ್ರು ಹೇಳುತ್ತಿದ್ದಾರೆ. ಪೇಟೆಯ ತರಬೇತಿ ಕೇಂದ್ರದವರು ಐದನೇ ತರಗತಿಗೆ ಅವರ ಶಾಲೆಗೇ ಸೇರಿಸಿ ಹಾಸ್ಟೆಲಿನಲ್ಲಿ ಬಿಡಬೇಕು ಎನ್ನುತ್ತಾರೆ. ಅದಕ್ಕೆ ಸಾಲ ಮಾಡಬೇಕು. ಇಷ್ಟು ಚಿಕ್ಕ ಹೆಣ್ಣುಮಗುವನ್ನು ಹೊರಗೆ ಬಿಡುವುದೇ ಬೇಡ ಎಂಬುದು ಅತ್ತೆಯವರ ಮಾತು. ದಾರಿ ತೋಚುತ್ತಿಲ್ಲ.
– ಒಬ್ಬ ತಾಯಿ, ಹಾವೇರಿ ಜಿಲ್ಲೆ

ತಾಯಿ, ಸಾಲದ ಮಾತು ಆಮೇಲೆ. ಮೊದಲು ಒಂದು ನಿಯಮ ತಿಳಿದುಕೊಳ್ಳಿ. ನವೋದಯದಲ್ಲಿ ಕನಿಷ್ಠ ಶೇ 75ರಷ್ಟು ಸೀಟುಗಳು ಗ್ರಾಮೀಣ ಮಕ್ಕಳಿಗೆ ಮೀಸಲು. ಆ ಮೀಸಲು ಸಿಗಬೇಕಾದರೆ ಮಗು 3, 4 ಮತ್ತು 5ನೇ ತರಗತಿಗಳನ್ನು ಪೂರ್ತಿಯಾಗಿ ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ಈ ಮೂರು ವರ್ಷಗಳಲ್ಲಿ ಒಂದು ದಿನ ನಗರದ ಶಾಲೆಯಲ್ಲಿ ಓದಿದ್ದರೂ ನಗರದ ಅಭ್ಯರ್ಥಿ ಎಂದೇ ಪರಿಗಣಿಸುತ್ತಾರೆ. ಪೇಟೆಯ ಶಾಲೆಗೆ ಸೇರಿಸಿದರೆ ನಿಮ್ಮ ಮಗಳಿಗೆ ಈಗಿರುವ ದೊಡ್ಡ ಅನುಕೂಲವನ್ನು ನೀವೇ ಕಳೆದಂತಾಗುತ್ತದೆ. ಹೆಸರು ಹಳ್ಳಿ ಶಾಲೆಯಲ್ಲೇ ಇರಲಿ, ಮಗು ಮಾತ್ರ ನಮ್ಮಲ್ಲಿರಲಿ ಎಂದು ಹೇಳುವವರೂ ಇದ್ದಾರೆ. ದಯವಿಟ್ಟು ಒಪ್ಪಬೇಡಿ. ಮಾಹಿತಿ ಸುಳ್ಳೆಂದು ಗೊತ್ತಾದರೆ ಸಿಕ್ಕ ಸೀಟೂ ರದ್ದಾಗುತ್ತದೆ. ಒಂದು ಸಲ ಬರೆದ ಮಗು ಮತ್ತೆ ಆರನೇ ತರಗತಿಯ ಪ್ರವೇಶ ಪರೀಕ್ಷೆಗೆ ಕೂರುವಂತಿಲ್ಲ.

ಪರೀಕ್ಷೆ ಎರಡು ಗಂಟೆಯದು, 80 ಪ್ರಶ್ನೆ, 100 ಅಂಕ. ಅರ್ಧದಷ್ಟು ಪ್ರಶ್ನೆಗಳು ಚಿತ್ರ ನೋಡಿ ಯೋಚಿಸುವಂಥವು. ಉಳಿದ 20 ಅಂಕಗಣಿತ, 20 ಭಾಷೆ. ಕನ್ನಡದಲ್ಲೇ ಬರೆಯಬಹುದು, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಚಿತ್ರದ ಪ್ರಶ್ನೆಗಳಿಗೆ ಮನೆಯಲ್ಲೇ ತಯಾರಿ ಮಾಡಿಸಬಹುದು. ಹಳೇ ನೋಟ್‌ಬುಕ್ಕಿನ ಹಾಳೆಯನ್ನು ಎರಡು ಮಡಿಕೆ ಮಾಡಿ, ಒಂದು ಮೂಲೆಗೆ ಸೂಜಿ ಚುಚ್ಚಿ. ಬಿಚ್ಚುವ ಮೊದಲೇ ತೂತುಗಳು ಎಲ್ಲೆಲ್ಲಿ ಬೀಳುತ್ತವೆ ಎಂದು ಮಗು ಸ್ಲೇಟಿನ ಮೇಲೆ ಚುಕ್ಕಿ ಇಟ್ಟು ತೋರಿಸಲಿ. ಆಮೇಲೆ ಬಿಚ್ಚಿ ಹೊಂದಿಸಿ ನೋಡಿ. ಇದೇ ಬಗೆಯ ಪ್ರಶ್ನೆಗಳು ಪತ್ರಿಕೆಯಲ್ಲಿ ಬರುತ್ತವೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸಲಿ. ಉತ್ತರ ಗುರುತು ಮಾಡುವ ಓಎಂಆರ್ ಹಾಳೆಯಲ್ಲಿ ಬಾಲ್ ಪೆನ್ನಿನಿಂದ ವೃತ್ತ ತುಂಬುವುದನ್ನು ಮಾತ್ರ ತಪ್ಪದೇ ರೂಢಿ ಮಾಡಿಸಿ. ಉತ್ತರ ಗೊತ್ತಿದ್ದೂ ಸಾಲು ತಪ್ಪಿ ತುಂಬಿ ಅತ್ತ ಮಕ್ಕಳನ್ನು ನಾನು ಕಂಡಿದ್ದೇನೆ.
– ನಿವೃತ್ತ ಮುಖ್ಯ ಶಿಕ್ಷಕರು, ಧಾರವಾಡ ಜಿಲ್ಲೆ

ಅಕ್ಕಾ, ನನ್ನ ಮಗಳು ನವೋದಯದಲ್ಲಿ ಎಂಟನೇ ತರಗತಿ ಓದುತ್ತಿದ್ದಾಳೆ, ನೀಲಗಿರಿ ಹೌಸ್. ನಿಮ್ಮ ಅತ್ತೆಯವರ ಚಿಂತೆಯನ್ನು ತಳ್ಳಿಹಾಕಬೇಡಿ, ನಮ್ಮನೇಲೂ ಅದೇ ಮಾತು ಬಂದಿತ್ತು. ಹೆಣ್ಣುಮಕ್ಕಳಿಗೆ ಬೇರೆಯೇ ವಸತಿ ಇದೆ, ಟೀಚರಮ್ಮನವರು ಶಾಲೆಯ ಆವರಣದಲ್ಲೇ ಇರುತ್ತಾರೆ ಎಂದು ನಾನು ಎಷ್ಟು ಹೇಳಿದರೂ ಅತ್ತೆ ನಂಬಲಿಲ್ಲ. ಪ್ರಾಂಶುಪಾಲರ ಅನುಮತಿ ಕೇಳಿ ಅವರನ್ನೇ ಕರೆದುಕೊಂಡು ಹೋದೆ. ಮಂಚ, ಊಟದ ಹಾಲ್, ನೀರಿನ ಟ್ಯಾಂಕ್ ಎಲ್ಲ ಕಣ್ಣಾರೆ ಕಂಡ ಮೇಲೆ ಸಮಾಧಾನವಾಯಿತು.

ಮೊದಲ ತಿಂಗಳುಗಳು ಕಷ್ಟವೇ. ಫೋನ್ ಬಂದರೆ ಅಳು, ಬಾರದಿದ್ದರೆ ನಮಗೆ ಸಂಕಟ. ಈಗಿನಿಂದಲೇ ಬಟ್ಟೆ ಒಗೆದುಕೊಳ್ಳುವುದು, ಟ್ರಂಕ್ ಓರಣವಾಗಿ ಇಟ್ಟುಕೊಳ್ಳುವುದು, ಮುಖ್ಯವಾಗಿ ಜಡೆ ಹಾಕಿಕೊಳ್ಳುವುದು ಕಲಿಸಿ. ನಾನು ಮೊದಲ ಸಲ ನೋಡಲು ಹೋದಾಗ ನನ್ನ ಮಗಳ ಎರಡು ಜಡೆ ಎರಡು ದಿಕ್ಕಿಗೆ ಇದ್ದವು. ಒಂದನ್ನು ತಾನು ಹಾಕಿಕೊಂಡಿದ್ದಳು, ಇನ್ನೊಂದನ್ನು ಪಕ್ಕದ ಮಂಚದ ಗೆಳತಿ. ಆ ಗೆಳತಿಯನ್ನು ಕಂಡು ನನಗೆ ಎಷ್ಟೋ ಧೈರ್ಯ ಬಂತು. ಊಟ, ಬಟ್ಟೆ, ಪುಸ್ತಕ ಎಲ್ಲ ಉಚಿತ. ಒಂಬತ್ತರಿಂದ ತಿಂಗಳಿಗೆ 600 ರೂಪಾಯಿ ಅಭಿವೃದ್ಧಿ ನಿಧಿ ಅಂತ ಇದೆ, ಹೆಣ್ಣುಮಕ್ಕಳಿಗೆ ಅದೂ ಇಲ್ಲ. ಇನ್ನೊಂದು ಮಾತು: ಒಂಬತ್ತನೇ ತರಗತಿಯಲ್ಲಿ ಕೆಲವು ಮಕ್ಕಳನ್ನು ಒಂದು ವರ್ಷದ ಮಟ್ಟಿಗೆ ಹಿಂದಿ ಮಾತಾಡುವ ರಾಜ್ಯದ ನವೋದಯಕ್ಕೆ ಕಳಿಸುತ್ತಾರೆ. ಅದನ್ನೂ ಅತ್ತೆಯವರಿಗೆ ಈಗಲೇ ಹೇಳಿಬಿಡಿ.
– ಗೃಹಿಣಿ, ಗದಗ ಜಿಲ್ಲೆ

ಎಲ್ಲರೂ ಏನೆಂದರು ಎಂದು ಬರೆದಿದ್ದೀರಿ. ಮಗಳು ಏನೆಂದಳು? ನಾನು ನವೋದಯದಲ್ಲೇ ಓದಿದವನು. ಇಷ್ಟಪಟ್ಟು ಬಂದವರು ಅತ್ತರೂ ಉಳಿದರು. ಅಪ್ಪನ ಹಟಕ್ಕೆ ಬಂದ ನನ್ನ ಸಹಪಾಠಿಯೊಬ್ಬ ಆರನೇ ತರಗತಿಯ ನಡುವೆಯೇ ಊರಿಗೆ ಹೋದ, ಅಲ್ಲಿನ ಹೈಸ್ಕೂಲಿನಲ್ಲಿ ಚೆನ್ನಾಗಿಯೇ ಓದಿದ. ಅವಳನ್ನು ಕೂರಿಸಿಕೊಂಡು ಕೇಳಿ. ಬೇಡ ಎಂದರೆ ಬೇಡ.
– ಎಂಜಿನಿಯರ್, ಬೆಂಗಳೂರು

ನನಗೆ ಕಾಡುವುದು ಬೇರೆ. ಚುರುಕು ಮಕ್ಕಳನ್ನೆಲ್ಲ ಆರಿಸಿ ಒಯ್ದರೆ ಊರ ಶಾಲೆಯಲ್ಲಿ ಉಳಿದವರ ಗತಿಯೇನು? ನಿಮ್ಮ ಮಗಳು ಬರೆಯಲಿ, ಸಂತೋಷ. ಅವಳ ಜೊತೆ ಐದನೇ ತರಗತಿಯ ಉಳಿದ ಮಕ್ಕಳನ್ನೂ ಕೂರಿಸಿ, ಸಂಜೆ ಒಂದು ತಾಸು ಹೇಳಿಕೊಡಲು ನಿಮ್ಮ ಮೇಷ್ಟ್ರನ್ನು ಕೇಳಿ. ಅರ್ಜಿಗೆ ಶುಲ್ಕವಿಲ್ಲ. ಸೀಟು ಸಿಗದವರಿಗೂ ಲೆಕ್ಕ ಗಟ್ಟಿಯಾಗುತ್ತದೆ.
– ರೈತ, ಕೊಪ್ಪಳ ಜಿಲ್ಲೆ

ಒಂದು ನವೋದಯದಲ್ಲಿ ಆರನೇ ತರಗತಿಗೆ ಹೆಚ್ಚೆಂದರೆ 80 ಸೀಟು. ಬರೆಯುವವರು ಸಾವಿರಗಟ್ಟಲೆ. ಸಿಗದಿದ್ದರೆ ಮಗು ದಡ್ಡಿ ಎಂಬ ಮಾತು ಮನೆಯಲ್ಲಿ ಯಾರ ಬಾಯಲ್ಲೂ ಬರಬಾರದು, ತಮಾಷೆಗೂ. ಇದೊಂದನ್ನೇ ನಂಬಿ ಕೂರದೆ ಬೇರೆ ಅರ್ಜಿಗಳನ್ನೂ ಹಾಕಿ. ನಿಮ್ಮ ತಾಲ್ಲೂಕಿನಲ್ಲಿ ಆದರ್ಶ ವಿದ್ಯಾಲಯ ಇದೆಯೇ ವಿಚಾರಿಸಿ. ಅದು ಸರ್ಕಾರದ ಇಂಗ್ಲಿಷ್ ಮಾಧ್ಯಮ ಶಾಲೆ, ಆರನೇ ತರಗತಿಗೆ ಪ್ರವೇಶ ಪರೀಕ್ಷೆ ಇದೆ, ಸಂಜೆ ಮಗು ಮನೆಗೇ ಬರುತ್ತದೆ. ಅತ್ತೆಯವರಿಗೂ ಒಪ್ಪಿಗೆಯಾದೀತು. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿಗೂ ಐದನೇ ತರಗತಿಯಲ್ಲೇ ಪರೀಕ್ಷೆ. ಜಾತಿ ಮತ್ತು ಆದಾಯ ಪ್ರಮಾಣಪತ್ರ ಈಗಲೇ ನಾಡಕಚೇರಿಯಲ್ಲಿ ಮಾಡಿಸಿಡಿ. ಕೊನೆ ವಾರದಲ್ಲಿ ಓಡಾಡುವ ಪೋಷಕರನ್ನು ಪ್ರತಿ ವರ್ಷ ನೋಡುತ್ತೇನೆ.

ಊರಲ್ಲೇ ಓದಿದರೂ ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್ ಪರೀಕ್ಷೆ ಬರೆಯಬಹುದು. ಅದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗಾಗಿಯೇ ಇರುವ ವಿದ್ಯಾರ್ಥಿವೇತನ. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುವರೆಗೆ ವರ್ಷಕ್ಕೆ 12,000 ರೂಪಾಯಿ ಬ್ಯಾಂಕ್ ಖಾತೆಗೇ ಬರುತ್ತದೆ. ಅದರಲ್ಲೂ ಇಂಥದೇ ಯೋಚನಾ ಸಾಮರ್ಥ್ಯದ ಪ್ರಶ್ನೆಗಳು ಇರುವುದರಿಂದ ಈಗ ಮಾಡಿದ ಅಭ್ಯಾಸ ಆಗಲೂ ಉಪಯೋಗಕ್ಕೆ ಬರುತ್ತದೆ.
– ಪ್ರಾಥಮಿಕ ಶಾಲಾ ಶಿಕ್ಷಕಿ, ದಾವಣಗೆರೆ ಜಿಲ್ಲೆ